ಹತ್ತು ಸಾವಿರ ಸುಳ್ಳು ಸೋಮವಾರಗಳು

ಚಂದ್ರನ ಮೇಲೆ ಒಂದು ಹಗಲೆಂದರೆ ನಮ್ಮ ಹದಿನಾಲ್ಕು ದಿನ. ಅಂಥ ಕಡೆ ಇವತ್ತು ಯಾವ ವಾರ ಎಂದು ಕೇಳುವುದೇ ತಮಾಷೆ. ಆದರೆ ಬೂದಿಕೊಳ್ಳದ ಜನ ಭೂಮಿಯಿಂದ ಹೊರಟಾಗ ಜೋಳದ ಬೀಜದ ಜೊತೆಗೆ ಗದಗಿನ ವಾರಗಳನ್ನೂ ಗಂಟು ಕಟ್ಟಿಕೊಂಡು ಬಂದಿದ್ದರು. ಹೊರಗೆ ಸೂರ್ಯ ಎಲ್ಲೇ ನಿಂತಿರಲಿ, ಗದಗಿನಲ್ಲಿ ಸೋಮವಾರ ಬೆಳಗಾಯಿತೆಂದರೆ ಇಲ್ಲಿಯೂ ಸೋಮವಾರ. ಸೋಮವಾರವೆಂದರೆ ಜೋಳ ಅಳೆಯುವ ದಿನ.

ಆ ಸೋಮವಾರಗಳನ್ನು ಗಿರಿಜಾ ಇವತ್ತಿಗೂ ನೆನೆಯುತ್ತಾಳೆ. ಈಗ ಬೂದಿಕೊಳ್ಳ ದೊಡ್ಡ ಊರು, ಆಗ ನಾನೂರ ಮೂವತ್ತು ಜನ. ನೆಲದಡಿಯ ಉದ್ದನೆಯ ಲಾವಾ ಸುರಂಗ, ಅದರೊಳಗೆ ದೀಪದ ಬೆಳಕಿನಲ್ಲಿ ಬೆಳೆಯುವ ಜೋಳ, ಕೊನೆಯಲ್ಲಿ ಉಗ್ರಾಣ. ಉಗ್ರಾಣದ ಬಾಗಿಲಲ್ಲಿ ಕಾಲು ಚಾಚಿ ಕೂತ ಫಕೀರವ್ವ, ಅವಳ ಮುಂದೆ ಚೀಲ ಹಿಡಿದವರ ಸಾಲು. ತಲೆಗೆ ವಾರಕ್ಕೆ ಒಂದು ಸೇರು. ಇಲ್ಲಿಯೇ ಎರಕ ಹೊಯ್ದ ಅಲ್ಯೂಮಿನಿಯಂ ಸೇರು ಅದು. ಅಂಚಿಗೆ ಸಮವಾಗಿ ಕೋಲು ಎಳೆದರೆ ಒಳಗೆ ಸರಿಯಾಗಿ ಒಂದು ಕಿಲೋ ಜೋಳ. ಭೂಮಿಯ ತಕ್ಕಡಿಗಳು ಇಲ್ಲಿನ ಚೂಪು ಧೂಳಿಗೆ ಒಂದೇ ವರ್ಷದಲ್ಲಿ ಹಲ್ಲು ಕಳಚಿಕೊಂಡಿದ್ದವು. ಉಳಿದದ್ದು ಪ್ರಯೋಗಾಲಯದ ತೂಗುಯಂತ್ರ ಒಂದೇ. ವಸ್ತುವನ್ನು ತೊಟ್ಟಿಲಿನಲ್ಲಿಟ್ಟು ಅಲ್ಲಾಡಿಸಿ, ಅದು ಎಷ್ಟು ಭಾರವಾಗಿ ಅಲ್ಲಾಡುತ್ತದೆ ಎಂದು ನೋಡಿ ತೂಕ ಹೇಳುವ ಅದಕ್ಕೆ ಒಂದು ಚೀಲಕ್ಕೆ ಹತ್ತು ನಿಮಿಷ ಬೇಕು. ಹಾಗಾಗಿ ಜೋಳದ ಮಟ್ಟಿಗೆ ಫಕೀರವ್ವನ ಕೈಯೇ ಊರಿನ ತಕ್ಕಡಿ.

ಸಾಲು ಬೇಗ ಸಾಗಲಿ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಲಕ್ಕುಂಡಿಯ ಬದನೆಕಾಯಿ, ತೋಂಟದ ಬಾವಿಯ ನೀರಿನ ರುಚಿ, ಯಾರ ಮನೆಯ ಎಮ್ಮೆ ಯಾರನ್ನು ಇರಿಯಿತು ಎಂಬ ಮೂವತ್ತು ವರ್ಷದ ಹಿಂದಿನ ಸುದ್ದಿ, ಎಲ್ಲ ಅಲ್ಲಿಯೇ ಮಾತಾಗುತ್ತಿತ್ತು. ಇಡೀ ವಾರ ಕೊಳವೆ, ಕವಾಟ, ಆಮ್ಲಜನಕ ಎಂದು ಒಣಗಿದ ನಾಲಿಗೆಗಳಿಗೆ ಆ ಒಂದು ದಿನ ಊರಿನ ರುಚಿ ಹತ್ತುತ್ತಿತ್ತು.

ಗಿರಿಜಾಳ ಕೆಲಸ ನಿಯಂತ್ರಣ ಕೊಠಡಿಯಲ್ಲಿ. ಅಲ್ಲಿನ ಬೀರುವಿನಷ್ಟು ದೊಡ್ಡ ಯಂತ್ರವೊಂದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಜನ ಅದಕ್ಕೆ ಇಟ್ಟ ಹೆಸರು ‘ಒಂದುವೇಳೆ’. ಅದು ಹುಟ್ಟಿದ್ದಕ್ಕೆ ಒಂದು ಪಾಪದ ಕಥೆಯಿದೆ. ಬೂದಿಕೊಳ್ಳದ ಎರಡನೆಯ ವರ್ಷ, ಒಂದು ಸಂಸಾರ ಸರಾಸರಿಗಿಂತ ಹೆಚ್ಚು ಉಸಿರಾಡುತ್ತಿದೆ ಎಂದು ಮೂರೇ ದಿನದ ಅಂಕಿ ನೋಡಿ ಯಾರೋ ಗುಲ್ಲೆಬ್ಬಿಸಿದರು. ಅವರನ್ನು ಮುಂದಿನ ನೌಕೆಯಲ್ಲೇ ಭೂಮಿಗೆ ಕಳಿಸಿದ್ದಾಯಿತು. ಆಮೇಲೆ ತಿಳಿದದ್ದು, ಆ ಮೂರು ದಿನದ ಏರಿಕೆ ಬರೀ ಆಕಸ್ಮಿಕ. ಯಾರ ಮನೆಯಲ್ಲಾದರೂ ಬರಬಹುದಾಗಿದ್ದದ್ದು. ಊರಿಗೆ ಊರೇ ನಾಚಿಕೊಂಡು ಒಂದು ಕಟ್ಟಳೆ ಮಾಡಿತು. ಊರು ಒಪ್ಪಿದ ಸರಾಸರಿ ತಪ್ಪೆಂದು ಯಾರೇ ಹೇಳಲಿ, ಮೊದಲು ಆ ಸರಾಸರಿಯ ಮಾತನ್ನೇ ನಿಜವೆಂದು ನಂಬಿ ಹತ್ತು ಸಾವಿರ ಸಲ ಲೆಕ್ಕದ ಆಟ ಆಡಿಸಬೇಕು. ಕಣ್ಣಿಗೆ ಕಂಡ ವ್ಯತ್ಯಾಸ ಆ ಹತ್ತು ಸಾವಿರದಲ್ಲಿ ನೂರು ಸಲವೂ ಬರದೇ ಹೋದರೆ ಮಾತ್ರ ಆ ಮಾತನ್ನು ಕೈಬಿಡಬೇಕು. ಆ ಆಟ ಆಡುವುದೇ ಒಂದುವೇಳೆಯ ಕೆಲಸ.

ಕಷ್ಟ ಬಂದದ್ದು ಒಂಬತ್ತನೆಯ ವರ್ಷ. ಅಲ್ಲಿಯವರೆಗೆ ಕಣ್ಣಂದಾಜಿನಲ್ಲೇ ಸಾಗಿದ್ದ ಉಗ್ರಾಣದಲ್ಲಿ ಮೊದಲ ಸಲ ಇಡೀ ವರ್ಷದ ಲೆಕ್ಕ ಹಿಡಿದು ತಪಾಸಣೆ ಮಾಡಿದಾಗ ನಾನೂರ ಎಪ್ಪತ್ತೆರಡು ಕಿಲೋ ಜೋಳ ಕಡಿಮೆ ಬಿತ್ತು. ಇಲಿ ತಿಂದಿತು ಎನ್ನೋಣವೆಂದರೆ ಚಂದ್ರನ ಮೇಲೆ ಇಲಿಯೂ ಇಲ್ಲ. ಬೀಗದ ಕೈ ಇದ್ದದ್ದು ಒಬ್ಬನ ಬಳಿ, ಉಗ್ರಾಣದ ಮೇಲ್ವಿಚಾರಕ ಚಿದಾನಂದನ ಬಳಿ. ಅವನು ಗಿರಿಜಾಳ ಗಂಡ.

“ಬೇಲಿನ ಎದ್ದು ಹೊಲಾ ಮೇಯ್ದಂಗಾತು,” ಎಂದ ಗೂಳಪ್ಪ. ಊರಿನ ಆಡಳಿತ ಸಮಿತಿಯ ಸದಸ್ಯನಾದ ಅವನು ಗಾಳಿ ಕೊಳವೆಗಳ ಎಂಜಿನಿಯರ್. ಮನುಷ್ಯ ಕೆಟ್ಟವನಲ್ಲ, ನಾಲಿಗೆಗೆ ಕವಾಟವಿಲ್ಲದವನು.

ಸಮಿತಿಯ ಅಧ್ಯಕ್ಷೆ ಪೊನ್ನಮ್ಮ ಕೊಡಗಿನವರು, ನಿಧಾನದ ಹೆಂಗಸು. ಅವರು ನ್ಯಾಯವಾಗಿಯೇ ನಡೆದುಕೊಂಡರು. ಜೋಳ ಹೊರಗೆ ಹೋಗುವುದು ಎರಡೇ ದಾರಿಯಲ್ಲಿ: ಒಂದು ಫಕೀರವ್ವನ ಸೇರು, ಇನ್ನೊಂದು ಕಳವು. ಸೇರಿನ ಸರಾಸರಿ ಒಂದು ಕಿಲೋ ಎನ್ನುವುದು ನಿಜವಾದರೆ ಉಳಿಯುವುದು ಕಳವೇ. ಅವರು ಫಕೀರವ್ವನನ್ನು ಕರೆದು, ಸಮಿತಿಯ ಎದುರು ಐದು ಸೇರು ಅಳೆಸಿ, ಐದು ಡಬ್ಬಿಗೆ ಹಾಕಿಸಿ ತೂಗಿಸಿದರು. ಸರಾಸರಿ ಬಂದದ್ದು ಸಾವಿರದ ನಾಲ್ಕು ಗ್ರಾಂ. ಒಂದುವೇಳೆಯನ್ನು ಕೇಳಿದರೆ ಅದು, ಸೇರು ಸರಿಯಿದ್ದರೂ ಹತ್ತು ಸಾವಿರದಲ್ಲಿ ನಾಲ್ಕು ಸಾವಿರದ ನೂರು ಸಲ ಇಷ್ಟೋ ಇದಕ್ಕಿಂತ ಹೆಚ್ಚೋ ಬರುತ್ತದೆ, ಇದರಲ್ಲಿ ಆಶ್ಚರ್ಯವೇನು, ಎಂದಿತು. ಸೇರು ಗೆದ್ದಿತು. ಗಿರಿಜಾ ತನ್ನ ಬಾಯಾರೆ ಆ ಅಂಕಿಯನ್ನು ಓದಿ ಹೇಳಬೇಕಾಯಿತು.

ಭೂಮಿಗೆ ಹೊರಡುವ ನೌಕೆಗೆ ಇನ್ನು ಹದಿನೈದು ದಿನ. ಕಳ್ಳನೆಂಬ ಹೆಸರು ಹೊತ್ತು ಅದರಲ್ಲಿ ಚಿದಾನಂದ ಹೋಗಬೇಕು. ಮಗಳು ಅನ್ನಪೂರ್ಣೆ ಇಲ್ಲಿಯೇ ಹುಟ್ಟಿದವಳು. ಆರು ವರ್ಷದ ಅವಳ ಎಳೆ ಎಲುಬುಗಳು ಭೂಮಿಯ ಭಾರ ತಡೆಯುವುದಿಲ್ಲವೆಂದು ವೈದ್ಯರು ಬರೆದುಕೊಟ್ಟಿದ್ದರು. ಎಂದರೆ ಅಪ್ಪ ಅಲ್ಲಿ, ಅವ್ವ ಮಗಳು ಇಲ್ಲಿ.

ಮನೆಯಲ್ಲಿ ಚಿದಾನಂದನಿಗೆ ಊಟ ಸೇರುತ್ತಿರಲಿಲ್ಲ. ರೊಟ್ಟಿ ಮುರಿದು ಪುಂಡಿಪಲ್ಲೆಯಲ್ಲಿ ಅದ್ದಿ ಹಾಗೇ ಹಿಡಿದು ಕೂರುತ್ತಿದ್ದ.

“ಉಣ್ರೀ,” ಎಂದಳು ಗಿರಿಜಾ.

“ಜೋಳದ ರೊಟ್ಟಿ ನೋಡು,” ಎಂದ ಅವನು. “ಇದನ್ನ ಮುಟ್ಟಾಕ ನಾಚಿಕಿ ಬರಾಕತ್ತೈತಿ. ನೀ ಅರ ನನ್ನ ನಂಬತೀಯೇನ?”

“ಒಂದುವೇಳಿ ನಂಬಿಕಿ ಕೇಳೂದಿಲ್ಲ, ಲೆಕ್ಕ ಕೇಳತೈತಿ. ನಂಗ ನಂಬಿಕಿ ಐತಿ.”

ಅಳುವುದಕ್ಕಿಂತ ಲೆಕ್ಕ ಹಾಕುವುದು ಅವಳಿಗೆ ರೂಢಿ. ಐದೇ ಐದು ಸೇರು! ಕೈಯಳತೆಯಲ್ಲಿ ಒಂದು ಸೇರಿಗೂ ಇನ್ನೊಂದಕ್ಕೂ ನಲವತ್ತು ಗ್ರಾಂ ಆಚೀಚೆ ಆಗುವುದು ಸಹಜ. ಇಲ್ಲಿನ ಹಗುರ ಗುರುತ್ವದಲ್ಲಿ ಕಾಳು ಒಮ್ಮೆ ಒತ್ತಾಗಿ ಕೂರುತ್ತದೆ, ಒಮ್ಮೆ ಸಡಿಲಾಗಿ. ಅಂಥ ಗದ್ದಲದಲ್ಲಿ ಐದು ಸೇರಿನ ಸರಾಸರಿ ಏನೂ ಹೇಳುವುದಿಲ್ಲ. ಅಲ್ಲದೆ ಅವು ಜನರ ಚೀಲಕ್ಕೆ ಬಿದ್ದ ಜೋಳವೂ ಅಲ್ಲ. ಅವಳು ಪೊನ್ನಮ್ಮನವರ ಬಳಿ ಹೋಗಿ ಮೂವತ್ತಾರು ಚೀಲ ಕೇಳಿದಳು, ಸೋಮವಾರದ ಸಾಲಿನಿಂದ ಮನೆಗೆ ಹೋಗಿ ಇನ್ನೂ ಬಾಯಿ ಬಿಚ್ಚದ ಚೀಲಗಳನ್ನೇ.

“ನಿಮ್ಮ ಗಂಡನ ವಿಷಯ ಇದು,” ಎಂದರು ಪೊನ್ನಮ್ಮ. “ಚೀಲ ನೀವು ಆರಿಸಬಾರದು.”

“ಗೂಳಪ್ಪನವರೇ ಚೀಟಿ ಎತ್ತಲಿ. ತೂಗುವಾಗಲೂ ಅವರೇ ಪಕ್ಕದಲ್ಲಿ ಕೂತಿರಲಿ.”

ಹಾಗೇ ಆಯಿತು. ಗೂಳಪ್ಪ ನಾನೂರ ಮೂವತ್ತು ಹೆಸರಿನ ಚೀಟಿಗಳಿಂದ ಮೂವತ್ತಾರು ಎತ್ತಿ, ಆ ಮನೆಗಳ ಬಾಗಿಲು ಬಡಿದು, ಚೀಲಗಳನ್ನು ತಾನೇ ಹೊತ್ತು ತಂದ. ಆರು ತಾಸು ತೂಗುಯಂತ್ರ ತೊಟ್ಟಿಲು ತೂಗಿತು. ಸರಾಸರಿ ಸಾವಿರದ ಇಪ್ಪತ್ತೊಂದು ಗ್ರಾಂ.

ಸುದ್ದಿ ಫಕೀರವ್ವನ ಕಿವಿಗೆ ಬೀಳುವುದಕ್ಕೆ ತಡವಾಗಲಿಲ್ಲ. ಅರವತ್ತೆಂಟರ ಮುದುಕಿ, ಗದಗಿನ ಕಾಳಿನ ಪೇಟೆಯಲ್ಲಿ ಮೂವತ್ತು ವರ್ಷ ಅಳತೆ ಮಾಡಿದವಳು, ಸೇರನ್ನು ಕಂಕುಳಲ್ಲಿ ಇರುಕಿಕೊಂಡು ನಿಯಂತ್ರಣ ಕೊಠಡಿಗೇ ಬಂದಳು.

“ಏನವ್ವಾ ಗಿರಿಜಾ, ನನ್ನ ಕೈ ಸುಳ್ಳು ಹೇಳತೈತಿ ಅಂತೀಯಂತ?”

ಗಿರಿಜಾಗೆ ಮುಖ ಎತ್ತಲು ಆಗಲಿಲ್ಲ. ಅನ್ನಪೂರ್ಣೆ ಹುಟ್ಟಿದಾಗ ಬಾಣಂತನ ಮಾಡಿದ ಕೈ ಅದು. “ನಾ ಏನೂ ಅಂದಿಲ್ಲ, ಆಯಿ. ಕೇಳಾಕತ್ತೇನಿ ಅಷ್ಟ. ಇಪ್ಪತ್ತೊಂದು ಗ್ರಾಮು ಸುಮ್ನ ಬಂದೈತೋ, ಖರೇನ ಐತೋ ಅಂತ.”

“ಅದನ್ನ ಈ ಕಪಾಟ ಹೆಂಗ ಹೇಳತೈತಿ?”

ಗಿರಿಜಾ ಅವಳನ್ನು ಕೂರಿಸಿ ಮೂವತ್ತಾರು ಚೀಟಿ ಹರಿದಳು. ಒಂದೊಂದು ಚೀಲದ ತೂಕದಲ್ಲೂ ಇಪ್ಪತ್ತೊಂದು ಕಳೆದು ಬರೆದಳು. ಹೀಗೆ ಮಾಡಿದರೆ ಚೀಟಿಗಳ ಸರಾಸರಿ ಸರಿಯಾಗಿ ಒಂದು ಸಾವಿರ. ಫಕೀರವ್ವ ಹೇಳಿದ್ದೇ ನಿಜವಾದ ಲೋಕ ಅದು. ಚೀಟಿಗಳನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿ ಮುಂದಿಟ್ಟಳು.

“ಒಂದು ಎತ್ತು. ಓದಿ ಹೇಳು. ಮತ್ತ ಒಳಗ ಹಾಕು. ಹಿಂಗ ಮೂವತ್ತಾರು ಸಲ.”

“ಮತ್ತ್ಯಾಕ ಒಳಗ ಹಾಕೂದು?”

“ಅದ ತೂಕ ಇನ್ನೊಬ್ಬರ ಚೀಲಕ್ಕೂ ಬೀಳಬಹುದಲ್ಲ, ಅದಕ್ಕ. ಮೂವತ್ತಾರು ಎತ್ತಿದ್ರ ಒಂದು ಸುಳ್ಳು ಸೋಮವಾರ ಆತು.”

ಮುದುಕಿ ಕನ್ನಡಕ ಸರಿಮಾಡಿಕೊಂಡು ಎತ್ತಿದಳು. ಮೊದಲ ಸುಳ್ಳು ಸೋಮವಾರದ ಸರಾಸರಿ ಒಂಬೈನೂರ ತೊಂಬತ್ನಾಲ್ಕು. ಎರಡನೆಯದು ಸಾವಿರದ ಏಳು. ಮೂರನೆಯದು ಸಾವಿರದ ಎರಡು. ಅವಳು ಚೀಟಿ ಕೆಳಗಿಟ್ಟಳು. ಲೆಕ್ಕ ಬಾರದ ಮುದುಕಿ ಎಂದು ತಿಳಿದು, ತೂಕದ ಪಟ್ಟಿ ಹಿಡಿದು ಅಲ್ಲೇ ಕೂತಿದ್ದ ಗೂಳಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ತಿಳೀತು ಬಿಡು. ನಾ ಖರೇ ಇದ್ದರೂ ಇಷ್ಟ ಆಚೀಚಿ ಆಗೂದ. ಆದ್ರ ಇಪ್ಪತ್ತೊಂದರಷ್ಟು ದೂರ ಓಡತೈತೇನು ಅಂತ ನೋಡಬೇಕು. ಅಲ್ಲಾ?”

“ಅಷ್ಟ, ಆಯಿ.”

“ನಡಸು ಹಂಗಾರ. ನಾ ಜಾಸ್ತಿ ಹಾಕಿಲ್ಲ, ಕಡಿಮೀನೂ ಹಾಕಿಲ್ಲ. ನನ್ನ ಕೈ ಸುಳ್ಳಾದ್ರ ಇನ್ನ ಸೇರು ಮುಟ್ಟೂದಿಲ್ಲ.”

ಗಿರಿಜಾ ಗುಂಡಿ ಒತ್ತಿದಳು. ಪರದೆಯ ಮೇಲೆ ಸುಳ್ಳು ಸೋಮವಾರಗಳು ಒಂದೊಂದೇ ಚುಕ್ಕಿಯಾಗಿ ಉದುರತೊಡಗಿದವು. ಸಾವಿರದ ಸುತ್ತ ದಟ್ಟವಾಗಿ, ಆಚೆ ಈಚೆ ತೆಳ್ಳಗೆ, ರಾಶಿ ಮಾಡಿದ ಕಾಳಿನ ಗುಡ್ಡೆಯ ಹಾಗೆ. ಹತ್ತು ಸಾವಿರ ಸೋಮವಾರ ಎಂದರೆ ಹೆಚ್ಚುಕಡಿಮೆ ನೂರ ತೊಂಬತ್ತೆರಡು ವರ್ಷ. ಅಷ್ಟು ವರ್ಷ ಫಕೀರವ್ವ ಒಂದು ಕಾಳೂ ತಪ್ಪದೆ ಅಳೆಯುತ್ತ ಕೂತಿದ್ದರೆ ಏನಾಗುತ್ತಿತ್ತೋ ಅದು ಅವರ ಕಣ್ಣ ಮುಂದೆ ಕೆಲವೇ ನಿಮಿಷದಲ್ಲಿ ನಡೆದುಹೋಯಿತು. ಸಾವಿರದ ಇಪ್ಪತ್ತೊಂದನ್ನು ಮುಟ್ಟಿದ ಅಥವಾ ದಾಟಿದ ಚುಕ್ಕಿಗಳು ಎಂಟು.

ಹತ್ತು ಸಾವಿರದಲ್ಲಿ ಎಂಟು. ನೂರಲ್ಲ, ಎಂಟು.

ಗಿರಿಜಾಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು, ಅದೇ ಗಳಿಗೆಗೆ ಅದು ಎದುರಿನ ಮುದುಕಿಯ ಎದೆಯ ಮೇಲೆ ಹೋಗಿ ಕೂತದ್ದೂ ಕಂಡಿತು. ಇಪ್ಪತ್ತೊಂದು ಗ್ರಾಂ, ನಾನೂರ ಮೂವತ್ತು ಜನ, ಐವತ್ತೆರಡು ವಾರ. ಗುಣಿಸಿದರೆ ನಾನೂರ ಎಪ್ಪತ್ತು ಕಿಲೋ ಹತ್ತಿರ. ಬಾಕಿ ಎರಡು ಕಿಲೋ ನೆಲಕ್ಕೆ ಚೆಲ್ಲಿದ್ದಿರಬೇಕು. ಚಿದಾನಂದ ಒಂದು ಕಾಳೂ ಕದ್ದಿರಲಿಲ್ಲ.

“ಆದರೆ ಹೇಗೆ?” ಎಂದರು ಸುದ್ದಿ ಕೇಳಿ ಬಂದ ಪೊನ್ನಮ್ಮ. “ನಮ್ಮ ಮುಂದೆ ಅಳೆದಾಗ ಸರಿಯಿತ್ತಲ್ಲ?”

ಎಲ್ಲರೂ ಉಗ್ರಾಣಕ್ಕೆ ನಡೆದರು. ಫಕೀರವ್ವ ತನ್ನ ಜಾಗದಲ್ಲಿ ಕೂತಳು. ಗೂಳಪ್ಪ ಗಿರಾಕಿಯ ಹಾಗೆ ಚೀಲದ ಬಾಯಿ ಅಗಲಿಸಿ ನಿಂತ. ಅವಳು ಸೇರು ತುಂಬಿದಳು, ಕೋಲೆಳೆದು ಮಟ್ಟ ಮಾಡಿದಳು, ಚೀಲಕ್ಕೆ ಸುರಿದಳು. ಚಂದ್ರನ ಮೇಲೆ ಕಾಳು ಬೀಳುವುದು ಬಲು ನಿಧಾನ. ಕೊನೆಯ ಕಾಳು ತಳ ಸೇರುವ ಮೊದಲೇ ಅವಳ ಬಲಗೈ ರಾಶಿಗೆ ಹೋಗಿ ಅರ್ಧ ಹಿಡಿ ಜೋಳ ಎತ್ತಿ ಮೇಲೆ ಹಾಕಿತ್ತು. ಕಣ್ಣು ಆಗಲೇ ಮುಂದಿನ ಗಿರಾಕಿಯನ್ನು ಹುಡುಕುತ್ತಿತ್ತು.

“ಇದೇನಮ್ಮಾ?” ಎಂದರು ಪೊನ್ನಮ್ಮ.

“ಯಾವುದ್ರಿ?”

“ಈಗ ಮೇಲೆ ಹಾಕಿದಿರಲ್ಲ?”

“ಅದು ಕೊಸರು.” ಮುದುಕಿಯ ದನಿಯಲ್ಲಿ ಇಂಥದ್ದೂ ಒಂದು ಪ್ರಶ್ನೆಯೇ ಎಂಬ ಆಶ್ಚರ್ಯವಿತ್ತು. “ಕೊಸರು ಯಾರರ ಅಳತ್ಯಾಗ ಹಿಡೀತಾರೇನ್ರಿ?”

“ಹಾಗಾದರೆ ನಮ್ಮ ಐದು ಡಬ್ಬಿಗೆ ಯಾಕೆ ಹಾಕಲಿಲ್ಲ?”

“ಡಬ್ಬಿಗೆ ಕೊಸರು ಯಾಕ? ಡಬ್ಬಿ ಏನು ಮನಷ್ಯಾ ಏನು?”

ಮೊದಲು ಗೂಳಪ್ಪ ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು. ಒಂಬತ್ತು ವರ್ಷ, ವಾರವಾರವೂ, ನಾನೂರ ಮೂವತ್ತು ಜನರ ಚೀಲಕ್ಕೂ ಆ ಅರ್ಧ ಹಿಡಿ ಬಿದ್ದಿದೆ. ಎಲ್ಲರೂ ಕಂಡಿದ್ದಾರೆ, ಗೂಳಪ್ಪನೂ ಕಂಡಿದ್ದಾನೆ, ಗಿರಿಜಾಳೂ ಕಂಡಿದ್ದಾಳೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಯಾರೂ ಅದನ್ನು ಜೋಳವೆಂದು ಎಣಿಸಿರಲಿಲ್ಲ. ಎಣಿಸುವುದಾದರೂ ಹೇಗೆ? ಗದಗಿನ ಪೇಟೆಯಲ್ಲಿ ಗಿರಿಜಾಳ ಅವ್ವ ಕೊತ್ತಂಬರಿ ಕೊಂಡರೆ ಮೇಲೆರಡು ಹಸಿಮೆಣಸಿನಕಾಯಿ ಬೀಳುತ್ತಿದ್ದವು. ಹೂವಾಡಿಗರವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಬಿಟ್ಟು ಹರಿಯುತ್ತಿದ್ದಳು. ಹಾಕದಿದ್ದರೆ ಅವ್ವ ಅಲ್ಲಿಂದ ಕದಲುತ್ತಿರಲಿಲ್ಲ, ಹಾಕಿದ್ದಕ್ಕೆ ಯಾವತ್ತೂ ಥ್ಯಾಂಕ್ಸ್ ಹೇಳಿದವಳೂ ಅಲ್ಲ. ನಗುತ್ತ ನಗುತ್ತ ಗಿರಿಜಾಳ ಕಣ್ಣಲ್ಲಿ ನೀರು ಬಂತು. ಅವ್ವ ನೆನಪಾದಳು, ಆ ಪೇಟೆಯ ಧೂಳು ನೆನಪಾಯಿತು, ಇನ್ನೆಂದೂ ಅಲ್ಲಿಗೆ ಹೋಗಲಾರೆ ಎನ್ನುವುದೂ ನೆನಪಾಯಿತು.

ಚಿದಾನಂದ ಅವತ್ತು ನಾಲ್ಕು ರೊಟ್ಟಿ ತಿಂದ.

ಆದರೆ ನಗು ಹೊಟ್ಟೆ ತುಂಬಿಸುವುದಿಲ್ಲ. ಮುಂದಿನ ಸುಗ್ಗಿಯವರೆಗೆ ಜೋಳ ಸಾಲಬೇಕಾದರೆ ಸೇರಿಗೆ ಸಾವಿರ ಗ್ರಾಂ ಮೀರುವಂತಿಲ್ಲ. ಪೊನ್ನಮ್ಮ ಒಂದು ಉಪಾಯ ಹುಡುಕಿದರು, ಜಾಣತನದ್ದೇ. ಹೊಸ ಸೇರು ಎರಕ ಹೊಯ್ಯುವುದು. ಅದು ಒಂಬೈನೂರ ಎಪ್ಪತ್ತೊಂಬತ್ತು ಗ್ರಾಂ ಮಾತ್ರ ಹಿಡಿಯಬೇಕು. ಮೇಲೆ ಫಕೀರವ್ವನ ಇಪ್ಪತ್ತೊಂದು ಬಿದ್ದರೆ ಸರಿಯಾಗಿ ಒಂದು ಕಿಲೋ. ಯಾರಿಗೂ ನೋವಿಲ್ಲ, ಮುದುಕಿಯ ಕೈಯೂ ಉಳಿಯಿತು.

ಗಿರಿಜಾಳೇ ಹೊಸ ಸೇರನ್ನು ಒಯ್ದು ಕೊಟ್ಟಳು. ಫಕೀರವ್ವ ಅದನ್ನು ಅಂಗೈಯಲ್ಲಿಟ್ಟು ಎರಡು ಸಲ ತಿರುಗಿಸಿದಳು. ತೂಗುಯಂತ್ರಕ್ಕೆ ಹತ್ತು ನಿಮಿಷ ಹಿಡಿಯುವುದು ಅವಳಿಗೆ ಒಂದು ಕ್ಷಣ ಹಿಡಿಯಿತು.

“ಇದು ಸೇರಲ್ಲ.”

ಗಿರಿಜಾ ಇದ್ದದ್ದನ್ನು ಇದ್ದಂತೆ ಹೇಳಿದಳು.

“ನಂಗ ತಿಳೀಲಿಲ್ಲೇನು?” ಮುದುಕಿ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಗಿರಿಜಾಗೆ ಹಗುರಾಗುತ್ತಿತ್ತು. “ಮದ್ಲ ಅಳತಿ ಕಡಿಮಿ ಮಾಡೂದು, ಆಮ್ಯಾಲ ಅದನ್ನ ಮ್ಯಾಲ ಹಾಕಿ ಕೊಸರು ಅನ್ನೂದು. ಅದು ಕೊಸರಲ್ಲವ್ವಾ, ಮೋಸ.”

“ಚೀಲದಾಗ ಬೀಳೂದು ಒಂದ ಅಲ್ಲೇನು, ಆಯಿ? ಸರಾಸರಿ ಒಂದ ಕಿಲೋ.”

“ನಿನ್ನ ಕಪಾಟಕ್ಕ ಒಂದ ಇರಬಹುದು. ನನಗ ಅಲ್ಲ.”

ಹಾಗೆಂದವಳು ಹಳೆಯ ಸೇರನ್ನು ಸೆರಗಿನಿಂದ ಒರೆಸಿ ಗಿರಿಜಾಳ ಕೈಗಿಟ್ಟಳು. ಕೊಸರಿಲ್ಲದೆ ಅಳೆಯುವುದು ತನ್ನ ಕೈಲಾಗುವುದಿಲ್ಲ, ಕೊಸರು ಹಾಕಿದರೆ ಊರು ಉಪವಾಸ ಬೀಳುತ್ತದೆ, ಆದ್ದರಿಂದ ನೀನೇ ಅಳೆ ಎಂದಳು. ಗಿರಿಜಾ ಬೇಡಿಕೊಂಡಳು, ಕಾಲು ಹಿಡಿಯಲೂ ಹೋದಳು. ಮುದುಕಿ ಜಗ್ಗಲಿಲ್ಲ.

ಮುಂದಿನ ಸೋಮವಾರ ಉಗ್ರಾಣದ ಬಾಗಿಲಲ್ಲಿ ಗಿರಿಜಾ ಕೂತಳು. ಸಾಲು ಎಂದಿನಷ್ಟೇ ಉದ್ದವಿತ್ತು, ಮಾತು ಮಾತ್ರ ಇರಲಿಲ್ಲ. ಸಾಲಿನಲ್ಲಿ ಮೊದಲು ನಿಂತವಳು ಫಕೀರವ್ವ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಬಾಗಿಲಿನ ಈಚೆ ಕಡೆ ನಿಂತಿದ್ದಳು. ಗಿರಿಜಾ ಸೇರು ತುಂಬಿ, ಕೋಲೆಳೆದು, ಸುರಿದು ಕೈ ಹಿಂದಕ್ಕೆ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಆ ಕೈ ತನ್ನದಲ್ಲವೆನ್ನಿಸಿತು. ಚೀಲದ ಬಾಯಿ ಇನ್ನೂ ತೆರೆದೇ ಇತ್ತು.

“ಆತೇನವ್ವಾ?” ಎಂದಳು ಫಕೀರವ್ವ ಮೆಲ್ಲಗೆ.

“ಆತು, ಆಯಿ.” ಗಿರಿಜಾ ತಲೆ ತಗ್ಗಿಸಿದಳು.

ಫಕೀರವ್ವ ಹೊರಡಲಿಲ್ಲ. ಪಕ್ಕಕ್ಕೆ ಸರಿದು, ಹಿಂದಿನವರ ಚೀಲಕ್ಕೆ ಜೋಳ ಬೀಳುವವರೆಗೆ ಕಾದಳು. ಬಿದ್ದ ಮೇಲೆ ತನ್ನ ಚೀಲಕ್ಕೆ ಕೈ ಹಾಕಿ ಅರ್ಧ ಹಿಡಿ ತೆಗೆದು ಅವರ ಚೀಲದ ಮೇಲೆ ಹಾಕಿ, ಏನೂ ಆಗದವಳಂತೆ ನಡೆದುಬಿಟ್ಟಳು. ಅರ್ಧ ಹಿಡಿ ಪಡೆದವನು ಚೀಲವನ್ನೊಮ್ಮೆ ನೋಡಿದ, ಹೋಗುತ್ತಿದ್ದ ಅವಳ ಬೆನ್ನನ್ನೊಮ್ಮೆ ನೋಡಿದ. ಆಮೇಲೆ ಅವನೂ ಪಕ್ಕಕ್ಕೆ ಸರಿದು ತನ್ನ ಹಿಂದಿನವಳಿಗಾಗಿ ಕಾದ. ಹಾಗೆ ಒಬ್ಬರಿಂದ ಒಬ್ಬರಿಗೆ ಆ ಅರ್ಧ ಹಿಡಿ ಇಡೀ ಸಾಲು ದಾಟಿತು. ಹತ್ತು ಜನ ಮುಗಿಯುವಷ್ಟರಲ್ಲಿ ಯಾರೋ ಲಕ್ಕುಂಡಿ ಬದನೆಕಾಯಿಯ ಸುದ್ದಿ ತೆಗೆದಿದ್ದರು. ಸಂಜೆ ಸಾಲಿನ ಕೊನೆಯಲ್ಲಿದ್ದ ಗೂಳಪ್ಪ, ಗಿರಿಜಾ ತನ್ನ ಪಾಲು ಅಳೆದುಕೊಳ್ಳುವವರೆಗೆ ಕಾದು ನಿಂತು, ಅವಳ ಚೀಲಕ್ಕೆ ಅರ್ಧ ಹಿಡಿ ಹಾಕಿದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅವನ ಮಟ್ಟಿಗೆ ಅದೇ ದೊಡ್ಡದು.

ಆ ವಾರ ತೂಗಿದ ಚೀಲಗಳ ಸರಾಸರಿ ಒಂದು ಕಿಲೋ. ಒಂದುವೇಳೆಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಆದರೆ ಲೆಕ್ಕ ಬಲ್ಲ ಗಿರಿಜಾಗೆ ಒಂದು ಸಂಗತಿ ಗೊತ್ತಿತ್ತು. ಸಾಲಿನಲ್ಲಿ ಎಲ್ಲರೂ ಅರ್ಧ ಹಿಡಿ ಪಡೆದು ಅರ್ಧ ಹಿಡಿ ಕೊಡುತ್ತಾರೆ. ಕೊಡುವುದಷ್ಟೇ ಇದ್ದು ಪಡೆಯುವುದಿಲ್ಲದವರು ಒಬ್ಬರೇ, ಎಲ್ಲರಿಗಿಂತ ಮೊದಲು ನಿಂತವರು. ಮುಂದಿನ ವಾರ ಆ ಜಾಗದಲ್ಲಿ ತಾನು ನಿಲ್ಲಬೇಕೆಂದು ಚಿದಾನಂದ ನಸುಕಿನಲ್ಲೇ ಎದ್ದು ಹೋದ. ಫಕೀರವ್ವ ಆಗಲೇ ಚೀಲ ಹಿಡಿದು ನಿಂತಿದ್ದಳು. ಅದರ ಮುಂದಿನ ವಾರ ಇನ್ನಾರೋ ಪ್ರಯತ್ನಿಸಿದರು. ಬದುಕಿದ್ದ ಏಳು ವರ್ಷವೂ ಅವಳು ಆ ಮೊದಲ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.